ಒಂದೇ ಸಲ ಒತ್ತುವ ಗುಂಡಿ

ಮಗಳಿಗೆ ಆರು ತುಂಬಿ ಏಳಕ್ಕೆ ಬಿದ್ದ ವರ್ಷ ನಾನವಳಿಗೆ ಒಂದು ಮಾತು ಕೊಟ್ಟಿದ್ದೆ. ಶಾಲೆಗೆ ಹೊರಡುವ ಗಡಿಬಿಡಿಯ ಬೆಳಗು. ಬಚ್ಚಲ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಳು. ಹಿಂದಿನ ದಿನ ಅವಳ ಶಾಲೆಯ ಹಾಡಿನ ಕಾರ್ಯಕ್ರಮಕ್ಕೆ ಬರುತ್ತೇನೆಂದು ಹೇಳಿ, ಕೆಲಸದಲ್ಲಿ ಸಿಕ್ಕಿಕೊಂಡು ನಾನು ಹೋಗಿರಲಿಲ್ಲ.

"ನಿಂಗೆ ಅಲ್ಲಿ ಅಂಥದ್ದೇನಿದೆ ಕೆಲಸ?" ಅಂದಳು.

"ಅಣುಗಳನ್ನ ಹಾರಿಸೋದು."

"ಎಲ್ಲಿಂದ?"

"ಒಂದು ಬಿಲ್ಲೆ ಮೇಲಿಂದ. ಒಂದು ದಿನ ನಿನ್ನನ್ನೂ ಕರ್ಕೊಂಡು ಹೋಗ್ತೀನಿ. ನಿನ್ನ ಕೈಯಿಂದಲೇ ಹಾರಿಸ್ತೀನಿ. ಗುಂಡಿ ನೀನೇ ಒತ್ತುವೆಯಂತೆ."

ಬಾಯಿ ತುಂಬ ನೊರೆ ಇಟ್ಟುಕೊಂಡೇ, "ಆಣೆ?" ಎಂದಳು.

"ಆಣೆ" ಎಂದೆ. ಬಸ್ಸಿಗೆ ಹೊತ್ತಾಗಿತ್ತು.

ನನ್ನದು ದೊಡ್ಡ ಹುದ್ದೆಯಲ್ಲ. ಸಂಶೋಧನಾಲಯದಲ್ಲಿ ಒಂದು ಯಂತ್ರವನ್ನು ನೋಡಿಕೊಳ್ಳುವ ತಂತ್ರಜ್ಞೆ. ಆ ಯಂತ್ರವನ್ನು ನಾವು ಹಂಡೆ ಅನ್ನುತ್ತೇವೆ. ನೋಡುವುದಕ್ಕೂ ಹಾಗೇ ಇದೆ: ನನ್ನ ಎದೆಮಟ್ಟದ ಉಕ್ಕಿನ ಹೊಟ್ಟೆ, ಸುತ್ತ ಗಾಜಿನ ಕಿಟಕಿಗಳು, ಮೈತುಂಬ ಬೋಲ್ಟು. ಒಳಗಿನ ಗಾಳಿಯನ್ನೆಲ್ಲ ಪಂಪುಗಳು ಹಗಲೂ ರಾತ್ರಿ ಎಳೆದು ಹಾಕುತ್ತಿರುತ್ತವೆ. ನಡುವೆ, ಎರಡು ತಂತಿಗಳ ಆಸರೆಯಲ್ಲಿ, ಅಂಗಿಯ ಗುಂಡಿಯಷ್ಟಗಲದ ಒಂದು ಲೋಹದ ಬಿಲ್ಲೆ. ಅದನ್ನು ಉಜ್ಜಿ, ಕೆಂಪಗೆ ಕಾಯಿಸಿ, ಮತ್ತೆ ಕೊರೆಯುವಷ್ಟು ತಣ್ಣಗೆ ಮಾಡಿ, ಅದರ ಮೇಲೆ ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಒಂದೇ ಒಂದು ಪದರ ಹರಡುತ್ತೇವೆ. ಒಂದು ಅಣುವಿನಷ್ಟು ದಪ್ಪದ ಪದರ. ಆಮೇಲೆ ಅದರ ಮೇಲೆ ಲೇಸರಿನ ಒಂದು ಮಿಡಿತ ಬಿಡುತ್ತೇವೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲೊಂದು ಚೂರು ಎಷ್ಟೋ ಅಷ್ಟು ಹೊತ್ತಿನ ಬೆಳಕು. ಅಣುಗಳು ಬಿಲ್ಲೆಯನ್ನು ಬಿಟ್ಟು ಹಾರುತ್ತವೆ. ಎಷ್ಟು ಹಾರಿದವು, ಎಷ್ಟು ವೇಗವಾಗಿ ಹಾರಿದವು ಎಂದು ಎದುರಿಗಿರುವ ಯಂತ್ರ ಎಣಿಸುತ್ತದೆ. ಇಷ್ಟೇ.

ಇದನ್ನು ಮಗಳಿಗೆ ಹೇಳಲು ನನಗೆ ಅಡುಗೆಮನೆಯೇ ಬೇಕಾಯಿತು.

"ಬಾಣಲೆ ಬಿಸಿಯಾಗೋಕೆ ಮುಂಚೆನೇ ಕಾಳು ಸಿಡಿದ್ರೆ ಹೇಗಿರುತ್ತೆ? ಹಾಗೆ."

"ಬಾಣಲೆ ತಣ್ಣಗಿದ್ರೆ ಕಾಳಿಗೆ ಸಿಡಿ ಅಂತ ಹೇಳಿದ್ಯಾರು?"

"ಎಲೆಕ್ಟ್ರಾನುಗಳು. ಅವು ಬಾಣಲೆ ಒಳಗಿರೋ ಮುಂಗೋಪಿಗಳು. ಬೆಳಕು ಬಿದ್ದ ಕೂಡಲೇ ಮೊದಲು ರೇಗೋದು ಅವೇ. ಬಾಣಲೆಗೆ ಸುದ್ದಿ ಮುಟ್ಟೋ ಹೊತ್ತಿಗೆ ಕಾಳು ಮನೆ ಬಿಟ್ಟಾಗಿರುತ್ತೆ."

"ನಿನ್ನ ಹಾಗೆ" ಅಂದಳು. ಏಳು ವರ್ಷದ ನಾಲಿಗೆ. ನಗಬೇಕೋ ಬೇಡವೋ ತಿಳಿಯದೆ ನಕ್ಕೆ.

ಆ ಮಾತನ್ನು ಏಕೆ ಉಳಿಸಿಕೊಳ್ಳಲಿಲ್ಲ ಎಂದು ಕೇಳಿದರೆ ಪ್ರತಿ ವರ್ಷಕ್ಕೂ ಒಂದು ಕಾರಣ ಕೊಡಬಲ್ಲೆ. ಮೊದಲ ವರ್ಷ ಅವಳ ಮೂಗಿಗೆ ಕಣ್ಣು ಕಾಯುವ ಲೇಸರ್ ಕನ್ನಡಕ ನಿಲ್ಲುತ್ತಿರಲಿಲ್ಲ. ಮರುವರ್ಷ ಹಂಡೆಗೆ ಸಣ್ಣ ಸೋರಿಕೆ. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದರಲ್ಲೇ ನಾಲ್ಕು ತಿಂಗಳು. ಆಮೇಲೆ ನಾನೂ ಅವಳ ಅಪ್ಪನೂ ಬೇರೆಯಾದೆವು. ಆ ವರ್ಷ ಯಾರೂ ಏನನ್ನೂ ಕೇಳಲಿಲ್ಲ. ಆಮೇಲೆ ಅವಳಿಗೆ ಪರೀಕ್ಷೆ, ನನಗೆ ಹೊಸ ಪಂಪು, ಅವಳಿಗೆ ಜ್ವರ, ನನಗೆ ಇನ್ನೊಬ್ಬರ ಪಾಳಿ. ಹನ್ನೆರಡನೇ ವಯಸ್ಸಿನಲ್ಲಿ ಒಮ್ಮೆ ಅವಳೇ, "ಅಮ್ಮ, ಆ ಗುಂಡಿ ಇನ್ನೂ ಇದೆಯಾ, ಕಳ್ಳರು ಕದ್ದುಕೊಂಡು ಹೋದ್ರಾ?" ಅಂದಳು. ಅದಾದ ಮೇಲೆ ಕೇಳುವುದನ್ನು ಬಿಟ್ಟಳು. ಗುಂಡಿ ಇತ್ತು. ಮನೆಬಾಗಿಲಿಗೆ ಹಾಕುವ ಕರೆಗಂಟೆಯ ಗುಂಡಿಯನ್ನೇ ಹಳೆಯ ವರ್ಕ್‌ಶಾಪಿನವರೊಬ್ಬರು ಒಂದು ತಗಡಿನ ಪೆಟ್ಟಿಗೆಗೆ ಕೂರಿಸಿ ಕೊಟ್ಟಿದ್ದರು. ಅದನ್ನು ಒತ್ತಿದರೆ ಲೇಸರಿನ ದಾರಿಯ ಪುಟ್ಟ ಮುಚ್ಚಳ ಒಂದು ಸಲ ತೆರೆದು ಮುಚ್ಚಿಕೊಳ್ಳುತ್ತದೆ. ಒಂದೇ ಮಿಡಿತ ಒಳಗೆ ಹೋಗುತ್ತದೆ. ಯಾರು ಒತ್ತಿದರೂ ಒಂದೇ, ಅದಕ್ಕೆ ವಿದ್ಯೆ ಬೇಡ.

ಈಗ ಅವಳಿಗೆ ಹದಿನಾರು. ಹೋದ ತಿಂಗಳು ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ಕೂತಿದ್ದವಳು, ತಲೆ ಎತ್ತದೆ, "ನಾನು ಅಪ್ಪನ ಊರಲ್ಲಿ ಓದ್ತೀನಮ್ಮ" ಅಂದಳು.

"ಇಲ್ಲೇನು ಕಡಿಮೆಯಾಗಿದೆ?"

"ಕಡಿಮೆ ಏನಿಲ್ಲ. ಅಪ್ಪ ಸಂಜೆ ಮನೇಲಿರ್ತಾರೆ."

ಜಗಳ ತೆಗೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಮಡಿಸಿದ ಬಟ್ಟೆಯಲ್ಲಿ ನನ್ನದು ಬೇರೆ, ಅವಳದು ಬೇರೆ ಎರಡು ಗುಡ್ಡೆ ಮಾಡಿದ್ದಳು. ಅದನ್ನು ನೋಡುತ್ತ ಕೂತೆ.

ಅದೇ ವಾರ ನಮ್ಮ ವಿಭಾಗ ಮುಚ್ಚುವ ಸುತ್ತೋಲೆ ಬಂತು. ಲೇಸರ್ ಬೇರೆ ಸಂಸ್ಥೆಗೆ ಹೋಗುತ್ತದೆ, ಹಂಡೆ ಗೋದಾಮಿಗೆ, ನಾನು ಉಗ್ರಾಣದ ವಿಭಾಗಕ್ಕೆ. ಮೂರು ವಾರ ಕಳೆದ ಮೇಲಿನ ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಲೇಸರ್ ಬಿಚ್ಚುವವರು ಬರುತ್ತಾರೆ. ಮರುದಿನ ಶನಿವಾರ ಬೆಳಗ್ಗೆ ಮಗಳ ಬಸ್ಸು.

ಗುರುವಾರ ಊಟಕ್ಕೆ ಕೂತಾಗ ಹೇಳಿದೆ. "ನಾಳೆ ಕೊನೇ ಸಲ ಹಾರಿಸ್ತೀವಿ. ಬರ್ತೀಯಾ? ಗುಂಡಿ ನೀನೇ ಒತ್ತು."

ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತಿದ್ದಳು. "ನಾಳೆ ಪಂಪು ಕೆಡಲ್ವಾ?"

"ಕೆಡಲ್ಲ."

"ಸೋರಲ್ವಾ?"

"ಸೋರಲ್ಲ ಮಾರಾಯ್ತಿ."

"ಎಷ್ಟು ಗಂಟೆಗೆ?"

"ಹನ್ನೊಂದು. ಹನ್ನೊಂದು ಅಂದ್ರೆ ಹನ್ನೊಂದೇ. ಗೇಟಲ್ಲಿ ಚೀಟಿ ಬರೆದಿಟ್ಟಿರ್ತೀನಿ."

"ಬರ್ತೀನಿ" ಅಂದಳು. ಸ್ವಲ್ಪ ತಡೆದು, "ಕನ್ನಡಕ ಈಗ ನಿಲ್ಲುತ್ತೆ" ಎಂದು ತನ್ನ ಮೂಗನ್ನು ತಾನೇ ಮುಟ್ಟಿ ತೋರಿಸಿದಳು. ನನ್ನ ಇಪ್ಪತ್ತು ವರ್ಷದ ದುಡಿಮೆಯಲ್ಲಿ ಅವಳಿಗೆ ಗೊತ್ತಿದ್ದದ್ದು ನಾನು ಇಲ್ಲದ ಸಂಜೆಗಳು ಮಾತ್ರ. ಹೋಗುವ ಮುಂಚೆ ಇನ್ನರ್ಧವನ್ನೂ ನೋಡಿಕೊಂಡು ಹೋಗಲಿ. ನನ್ನ ಆಸೆ ಅಷ್ಟೇ. ನೋಡಿದರೆ ಉಳಿದುಬಿಡುತ್ತಾಳೆ ಎಂದೇನೂ ಅಂದುಕೊಂಡಿರಲಿಲ್ಲ. ಇರಲಿ, ಸ್ವಲ್ಪ ಅಂದುಕೊಂಡಿದ್ದೆ.

ಶುಕ್ರವಾರದ ಪ್ರಯೋಗ ನಮ್ಮ ವಿದ್ಯಾರ್ಥಿನಿಯದು. ಅವಳನ್ನು ಎಲ್ಲರೂ ಕರೆಯುವುದು ಜೋಪಾನ ಎಂದು. ಯಾರಾದರೂ ಸ್ಪ್ಯಾನರ್ ಎತ್ತಿಕೊಂಡರೂ ಸಾಕು, "ಜೋಪಾನ ಅಕ್ಕಾ, ಜೋಪಾನ" ಎನ್ನುತ್ತಾಳೆ. ಆರು ವರ್ಷದಿಂದ ಇದರಲ್ಲೇ ಇದ್ದಾಳೆ. ಅವಳ ಪ್ರಬಂಧ ನೋಡಿದ ಪರೀಕ್ಷಕರು ಒಂದೇ ಒಂದು ಅಳತೆ ಇನ್ನೂ ಬೇಕು ಎಂದು ಬರೆದಿದ್ದರು: ಲೇಸರಿನ ಪೂರ್ತಿ ಬಲದಲ್ಲಿ, ಹೊಸ ಪದರದ ಮೇಲೆ ಬೀಳುವ ಮೊದಲ ಮಿಡಿತ. ಅಷ್ಟು ಬಲಕ್ಕೆ ಪದರ ಒಂದೇ ಏಟಿಗೆ ಬೋಳಾಗುತ್ತದೆ, ಎರಡನೇ ಮಿಡಿತಕ್ಕೆ ಏನೂ ಉಳಿದಿರುವುದಿಲ್ಲ. ಮತ್ತೆ ಮಾಡಬೇಕೆಂದರೆ ಬಿಲ್ಲೆಯನ್ನು ಮೊದಲಿಂದ ಉಜ್ಜಿ ಕಾಯಿಸಿ ತಣಿಸಬೇಕು, ಮೂರು ಗಂಟೆಯ ಕೆಲಸ. ಒಂದು ಗಂಟೆಗೆ ಬಿಚ್ಚುವವರು ಬರುತ್ತಾರೆ. ಅಂದರೆ ಅವಳಿಗೂ ಒಂದೇ ಗುಂಡಿ, ನನ್ನ ಮಗಳಿಗೂ ಅದೇ ಗುಂಡಿ. ಅದರಲ್ಲಿ ತೊಡಕೇನೂ ಇರಲಿಲ್ಲ. "ಅಯ್ಯೋ, ಪುಟ್ಟಿನೇ ಒತ್ತಲಿ ಅಕ್ಕಾ" ಎಂದು ಜೋಪಾನ ಖುಷಿಯಿಂದಲೇ ಒಪ್ಪಿದ್ದಳು.

ಬೆಳಗ್ಗೆ ಏಳಕ್ಕೇ ಹೋದೆ. ಗೇಟಿನಲ್ಲಿದ್ದ ಕಾವಲಿನವರ ಕೈಗೆ ಚೀಟಿ ಕೊಟ್ಟು, "ಹನ್ನೊಂದಕ್ಕೆ ನನ್ನ ಮಗಳು ಬರ್ತಾಳೆ, ಒಳಗೆ ಕಳಿಸಿ" ಎಂದೆ. ಆಗಲಿ ಎಂದರು.

ಹತ್ತೂವರೆಗೆ ಬಿಲ್ಲೆ ಕೊನೆಯ ಸಲ ಕೆಂಪಾಗಿ ಉರಿದು ಆರಿತು. ಲೇಸರ್ ಕೋಣೆಯ ಬಾಗಿಲು ಹಾಕಿಕೊಂಡೆವು. ಈ ಬಾಗಿಲಿಗೊಂದು ಕಟ್ಟು ಇದೆ: ಲೇಸರ್ ನಡೆಯುವಾಗ ಬಾಗಿಲು ತೆರೆದರೆ ಲೇಸರ್ ತಾನಾಗಿಯೇ ಆರಿಹೋಗುತ್ತದೆ, ಮತ್ತೆ ಹದಕ್ಕೆ ಬರಲು ಒಂದು ಗಂಟೆ ಬೇಕು. ಹೊರಗಿನವರು ಬಂದರೆ ಬಾಗಿಲು ತಟ್ಟಬೇಕು, ನಾವು ಒಳಗಿನಿಂದ ಒಂದು ಕೀಲಿ ತಿರುಗಿಸಿ ಅವರನ್ನು ಬಿಟ್ಟುಕೊಳ್ಳಬೇಕು. ಆ ಕೀಲಿ ಹತ್ತು ಸೆಕೆಂಡು ಕಾಯುತ್ತದೆ, ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿರಬೇಕು. ಒಳಗೆ ಬರುವವರಿಗೆ ಹತ್ತು ಸೆಕೆಂಡು ಸಾಕು. ಆದರೆ ಹೊರಗೆ ಹೋಗಲು ಆ ಕೀಲಿ ನಡೆಯುವುದಿಲ್ಲ, ಒಳಗಿನ ಹಿಡಿಕೆ ತಿರುಗಿಸಿದರೆ ಲೇಸರ್ ಆರಿಯೇ ಹೋಗುತ್ತದೆ. ಹೊರಗಿನಿಂದ ಆ ಕೀಲಿಯೂ ಇಲ್ಲ.

ಮೊಬೈಲು ಫೋನುಗಳು ಹೊರಗಿನ ಪಡಸಾಲೆಯ ಬಿಸ್ಕತ್ತು ಡಬ್ಬಿಯಲ್ಲಿದ್ದವು. ಅದು ನಮ್ಮ ಪದ್ಧತಿ. ಫೋನು ಒಳಗಿದ್ದರೆ ಎಣಿಸುವ ಯಂತ್ರ ಇಲ್ಲದ ಅಣುಗಳನ್ನೂ ಎಣಿಸುತ್ತದೆ. ಒಳಗೆ ಗೋಡೆಗೊಂದು ಹಳೆಯ ಟೆಲಿಫೋನಿತ್ತು. ವಿಭಾಗ ಮುಚ್ಚುತ್ತಾರೆಂದು ಅದರ ತಂತಿಯನ್ನು ಹೋದ ವಾರವೇ ಕತ್ತರಿಸಿದ್ದರು.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಪದರ ಹರಡಿ ಮುಗಿಸಿದೆವು. ಅಲ್ಲಿಂದ ನಮಗಿದ್ದದ್ದು ನಲವತ್ತು ನಿಮಿಷ. ಪಂಪುಗಳು ಎಷ್ಟೇ ಎಳೆದರೂ ಹಂಡೆಯಲ್ಲಿ ಒಂದಿಷ್ಟು ನೀರಿನಾವಿ ಇದ್ದೇ ಇರುತ್ತದೆ. ತಣ್ಣಗಿರುವ ಬಿಲ್ಲೆ ಕಂಡರೆ ಬಂದು ಕೂರುತ್ತದೆ. ಹೊಸ ಪಂಪಾಗಿದ್ದರೆ ನಾಲ್ಕು ಗಂಟೆ ತಾಳಬಹುದಿತ್ತು. ನಮ್ಮ ಪಂಪಿಗೆ ನನ್ನಷ್ಟೇ ಸುಸ್ತು. ನಲವತ್ತು ನಿಮಿಷ ದಾಟಿದರೆ ಪರೀಕ್ಷಕರು ಕೇಳಿದ ಮೇಲ್ಮೈ ಅದಲ್ಲ.

"ಹನ್ನೊಂದು" ಎಂದಳು ಜೋಪಾನ.

"ಬಸ್ಸು ಸಿಗ್ನಲ್ಲಲ್ಲಿ ನಿಂತಿರುತ್ತೆ."

ಹನ್ನೊಂದೂ ಹತ್ತು. ಮಗಳಿಗೆಂದು ಕನ್ನಡಕವೊಂದನ್ನು ಒರೆಸಿ ಮೇಜಿನ ಮೇಲಿಟ್ಟಿದ್ದೆ, ಮತ್ತೊಮ್ಮೆ ಒರೆಸಿದೆ. ಹನ್ನೊಂದೂ ಹದಿನೆಂಟು. ಬಾಗಿಲಿಗೆ ಕಿವಿಕೊಟ್ಟೆ. ಪಂಪಿನ ಸದ್ದಿನಲ್ಲಿ ಬಾಗಿಲು ತಟ್ಟಿದ್ದು ಕೇಳಿಸಲಿಲ್ಲವೇನೋ ಎಂದು ಬಾಗಿಲ ಪಕ್ಕವೇ ಹೋಗಿ ನಿಂತೆ. ಯಾರೂ ತಟ್ಟಲಿಲ್ಲ.

"ಪುಟ್ಟಿ ಯಾವಾಗ್ಲೂ ಹೀಗೇನಾ ಅಕ್ಕಾ?"

"ಇಲ್ಲ. ಅವಳು ಯಾವತ್ತೂ ತಡ ಮಾಡಲ್ಲ. ತಡ ಮಾಡೋದು ನಾನು."

ಎಣಿಸುವ ಯಂತ್ರದ ತೆರೆಯ ಮೇಲೆ ಎರಡು ಗೆರೆಗಳಿದ್ದವು. ಅಣುಗಳ ತೂಕದ ಲೆಕ್ಕದಲ್ಲಿ ನಮ್ಮ ಅನಿಲದ್ದು ಇಪ್ಪತ್ತೆಂಟನೇ ಗೆರೆ, ನೀರಿನದು ಹದಿನೆಂಟನೇ ಗೆರೆ. ಹದಿನೆಂಟನೆಯದು ಏರುತ್ತಿತ್ತು. ಹೆಚ್ಚೇನಲ್ಲ, ಇರುವೆ ಗೋಡೆ ಹತ್ತಿದ ಹಾಗೆ. ಅದನ್ನು ತಡೆಯಲು ಈ ಲೋಕದಲ್ಲಿ ನನ್ನಿಂದ ಮಾಡಲಾಗುವಂಥದ್ದು ಏನೂ ಇರಲಿಲ್ಲ. ಬಾಗಿಲು ತೆರೆದು ಹೋಗಿ ನೋಡೋಣವೆಂದರೆ ಜೋಪಾನಳ ಆರು ವರ್ಷ ಆರಿಹೋಗುತ್ತದೆ. ತೆರೆಯದಿದ್ದರೆ ನಾನು ಇಲ್ಲಿ ನಿಂತಿರುತ್ತೇನೆ.

ಹನ್ನೊಂದೂವರೆಗೆ ನನಗೆ ಸಿಟ್ಟು ಬಂತು. ನಿನ್ನೆ ಬರುತ್ತೇನೆ ಎಂದದ್ದು ಸುಮ್ಮನೆ, ನನ್ನ ಬಾಯಿ ಮುಚ್ಚಿಸಲು. ನಾನು ಒಂಬತ್ತು ವರ್ಷ ಕೊಟ್ಟದ್ದನ್ನು ಒಂದೇ ದಿನದಲ್ಲಿ ವಾಪಸು ಕೊಟ್ಟಳು. ಹೀಗೆಲ್ಲ ಅಂದುಕೊಂಡೆ. ಅಂದುಕೊಂಡದ್ದನ್ನು ಬರೆಯಬೇಕಲ್ಲ, ಬರೆಯುತ್ತಿದ್ದೇನೆ.

"ಇನ್ನೂ ಐದು ನಿಮಿಷ ಕಾಯೋಣ ಅಕ್ಕಾ" ಎಂದಳು ಜೋಪಾನ, ಹನ್ನೊಂದೂ ಮೂವತ್ತಾರಕ್ಕೆ. ಐದು ನಿಮಿಷವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಅಂದಳು. ಒಳ್ಳೆಯ ಹುಡುಗಿ.

"ಬೇಡ. ಒತ್ತು."

"ನೀವೇ ಒತ್ತಿ."

"ಪದವಿ ನಿಂದು. ಒತ್ತು ಅಂದೆ ತಾನೇ."

ಒತ್ತಿದಳು. ಟಕ್ ಎಂದು ಮುಚ್ಚಳ ತೆರೆದು ಮುಚ್ಚಿತು. ಹಂಡೆಯೊಳಗೆ ಏನೂ ಕಾಣಲಿಲ್ಲ, ಯಾವತ್ತೂ ಕಾಣುವುದಿಲ್ಲ. ತೆರೆಯ ಮೇಲೆ ಇಪ್ಪತ್ತೆಂಟನೇ ಗೆರೆ ನೆಟ್ಟಗೆ ಮೇಲೆದ್ದು, ಒಂದು ಗುಡ್ಡ ಮಾಡಿ, ನಿಧಾನವಾಗಿ ಬಾಲ ಎಳೆದುಕೊಂಡು ಇಳಿಯಿತು. ಇಷ್ಟು ವರ್ಷದಲ್ಲಿ ಅಷ್ಟು ಚೊಕ್ಕವಾದ ಗುಡ್ಡವನ್ನು ನಾನು ನೋಡಿರಲಿಲ್ಲ. ಜೋಪಾನ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅವಳ ಬೆನ್ನು ತಟ್ಟಿದೆ. ಅಳತೆಯನ್ನು ಎರಡು ಕಡೆ ಉಳಿಸಿಟ್ಟು, ಆಮೇಲೆ ಬಾಗಿಲು ತೆರೆದೆ.

ಬಿಸ್ಕತ್ತು ಡಬ್ಬಿಯಲ್ಲಿ ನನ್ನ ಫೋನಿನ ಮೇಲೆ ಹದಿನಾಲ್ಕು ಕರೆಗಳಿದ್ದವು. ಮೊದಲನೆಯದು ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಂದದ್ದು.

ಗೇಟಿನವರೆಗೆ ಓಡಿದೆ. ನನ್ನ ವಯಸ್ಸಿಗೆ ಅದು ಓಟವೂ ಅಲ್ಲ. ಕಾವಲಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಗಳು ಕೂತಿದ್ದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಳು. ಕೋಣೆಯಲ್ಲಿದ್ದದ್ದು ಬೆಳಗಿನವರಲ್ಲ, ಹತ್ತಕ್ಕೆ ಪಾಳಿ ಬದಲಾಗಿತ್ತು.

"ಚೀಟಿ ಇತ್ತಲ್ಲಾ ಸ್ವಾಮಿ!"

"ಚೀಟಿ ಇದೆ ಮೇಡಮ್, ಇಲ್ಲೇ ಇದೆ. ಆದ್ರೆ ಹದಿನೆಂಟು ತುಂಬದವ್ರನ್ನ ಕರೆದವ್ರೇ ಬಂದು ಕರ್ಕೊಂಡು ಹೋಗ್ಬೇಕು. ರೂಲ್ಸು. ನಿಮ್ಮ ರೂಮಿಗೆ ಆರು ಸಲ ಫೋನ್ ಮಾಡ್ದೆ. ಸತ್ತಿದೆ ಅದು."

"ಒಬ್ಬರನ್ನ ಕಳಿಸೋಕಾಗಲಿಲ್ವಾ?"

"ಒಬ್ನೇ ಇರೋದು ಮೇಡಮ್. ಗೇಟ್ ಬಿಟ್ಟು ಹೋಗಿ ನಾಳೆ ನಾನೆಲ್ಲಿ ನಿಲ್ಲಲಿ?"

ಅವರ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ. ಇಪ್ಪತ್ತು ವರ್ಷ ಆ ಗೇಟನ್ನು ದಾಟಿದ್ದೆ. ಆ ನಿಯಮ ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಯಾವತ್ತೂ ಯಾವ ಮಗುವನ್ನೂ ಕರೆತಂದಿರಲಿಲ್ಲ.

"ಫೋನು ಡಬ್ಬಿಲಿತ್ತು ಕಣೇ" ಎಂದೆ.

"ಗೊತ್ತು. ಯಾವಾಗ್ಲೂ ಡಬ್ಬಿಲೇ ಇರುತ್ತಲ್ಲ." ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಮುಗೀತಾ?"

"ಮುಗೀತು."

"ಚೆನ್ನಾಗಿ ಬಂತಾ?"

"ಬಂತು."

"ಸದ್ಯ. ಆ ಅಕ್ಕನಿಗೆ ಪದವಿ ಸಿಗುತ್ತಲ್ಲ." ಎದ್ದು ಅಂಗಿಯ ಹಿಂಭಾಗ ಕೊಡವಿಕೊಂಡಳು. "ಬಂದಿದ್ದೀನಿ, ನೋಡಿಯಾದ್ರೂ ಹೋಗ್ತೀನಿ. ಅಷ್ಟಕ್ಕೆ ರೂಲ್ಸ್ ಇದೆಯಾ?"

"ಹೋಗಮ್ಮ, ಈಗ ಅಮ್ಮ ಇದ್ದಾರಲ್ಲ" ಎಂದರು ಕಾವಲಿನವರು.

ಕೋಣೆಗೆ ಬರುವಷ್ಟರಲ್ಲಿ ಬಿಚ್ಚುವವರು ಮೊದಲೇ ಬಂದು ಪಡಸಾಲೆಯಲ್ಲಿ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದರು. "ಹತ್ತು ನಿಮಿಷ ಕೊಡಿ" ಎಂದು ಬೇಡಿಕೊಂಡೆ. ಒಬ್ಬರು ಗಡಿಯಾರ ನೋಡಿ, "ಹತ್ತೇ" ಅಂದರು. ಹತ್ತು ನಿಮಿಷದಲ್ಲಿ ಪದರ ಹರಡಲು ಆಗುವುದಿಲ್ಲ. ಬಿಲ್ಲೆ ಆಗಲೇ ಬೆಚ್ಚಗಾಗುತ್ತಿತ್ತು, ತಣಿಸುವ ದ್ರವ ಸಾರಜನಕದ ಕ್ಯಾನು ಖಾಲಿ. ಬಾಗಿಲು ತೆರೆದಿದ್ದರಿಂದ ಲೇಸರ್ ಕೂಡ ಆರಿತ್ತು. ಉಳಿದದ್ದು ಗುಂಡಿ ಮತ್ತು ಅದರ ಟಕ್.

ಮಗಳು ಹಂಡೆಯ ಸುತ್ತ ಒಂದು ಸುತ್ತು ಬಂದಳು. ಕಿಟಕಿಯ ಗಾಜಿಗೆ ಕಣ್ಣಿಟ್ಟು, "ಇಷ್ಟೇ ಇಷ್ಟಾ?" ಎಂದಳು, ಬಿಲ್ಲೆ ನೋಡಿ. "ಇದಕ್ಕಾ ಅಮ್ಮ?" ಅದರಲ್ಲಿ ಚುಚ್ಚು ಇರಲಿಲ್ಲ, ಬರೀ ಆಶ್ಚರ್ಯ.

"ಇದಕ್ಕೇ."

ಅಷ್ಟರಲ್ಲಿ ಜೋಪಾನ ನನ್ನ ತೋಳು ಹಿಡಿದು ಮೂಲೆಗೆ ಎಳೆದಳು. ಪಿಸುಗುಟ್ಟಿದಳು: "ಅಕ್ಕಾ, ಕನ್ನಡಕ ಹಾಕಿಸಿ ಒತ್ತಿಸಿಬಿಡಿ. ಆಗಿನ ಗೆರೇನೇ ತೆರೆ ಮೇಲೆ ಓಡಿಸ್ತೀನಿ. ಅವಳು ಒತ್ತಿದ ಕೂಡ್ಲೇ ಗುಡ್ಡ ಏಳುತ್ತೆ. ಪುಟ್ಟಿಗೆ ಗೊತ್ತಾಗಲ್ಲ. ನಾನಂತೂ ಸಾಯೋವರೆಗೂ ಯಾರಿಗೂ ಹೇಳಲ್ಲ."

ಬೇಡ ಎನ್ನಲಿಲ್ಲ ನಾನು. ಹೂಂ ಎಂದೂ ಅನ್ನಲಿಲ್ಲ. ಜೋಪಾನ ಹೋಗಿ ತೆರೆಯ ಮುಂದೆ ಕೂತಳು. ನಾನು ಕನ್ನಡಕವನ್ನು ಮಗಳ ಮೂಗಿನ ಮೇಲಿಟ್ಟೆ. ನಿಂತಿತು. ತಗಡಿನ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ.

"ಅಯ್ಯ, ಇದು ಕಾಲಿಂಗ್ ಬೆಲ್ಲು!" ಎಂದು ನಕ್ಕಳು. ನಿಜವಾದ ನಗು. ತಿಂಗಳಿನಿಂದ ಕೇಳಿರಲಿಲ್ಲ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು. ಜೋಪಾನ ಕೀಲಿಮಣೆಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಅಮ್ಮ, ಈಗ ಒತ್ತಿದ್ರೆ ಹಾರುತ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಆ ಒಂದು ಪದ ನನ್ನ ಬಾಯಿಯಲ್ಲೇ ಇತ್ತು. ಅಡುಗೆಮನೆಯಲ್ಲಿ, ಫೋನಿನಲ್ಲಿ, ಬಸ್ ಸ್ಟಾಪಿನಲ್ಲಿ ಅವಳಿಗೆ ಎಷ್ಟೋ ಸಲ ಹೌದು ಎಂದಿದ್ದೆ. ಬರ್ತೀನಿ, ಹೌದು. ಇನ್ನೇನು ಹೊರಟೆ, ಹೌದು. ಒಂಬತ್ತು ವರ್ಷದಲ್ಲಿ ಆ ಪದವನ್ನು ನಾನೇ ಸವೆಸಿಬಿಟ್ಟಿದ್ದೆ. ಇನ್ನೊಂದು ಸಲ ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲ" ಎಂದೆ. "ಎಲ್ಲಾ ಹಾರಿಹೋಗಿದೆ. ಲೇಸರೂ ಆರಿದೆ. ಒತ್ತಿದ್ರೆ ಟಕ್ ಅನ್ನುತ್ತೆ, ಅಷ್ಟೇ."

ಜೋಪಾನ ತಲೆ ತಗ್ಗಿಸಿದಳು. ಮಗಳು ಹೆಬ್ಬೆರಳು ತೆಗೆದಳು. ಪೆಟ್ಟಿಗೆಯನ್ನು, ಗಾಜಿನದೋ ಏನೋ ಎಂಬಂತೆ, ಮೇಜಿನ ಮೇಲಿಟ್ಟಳು.

"ಹಾಗಿದ್ರೆ ಬೇಡ."

"ಸುಮ್ನೆ ಒಂದ್ಸಲ ಒತ್ತು."

"ಬೇಡಮ್ಮ. ಸುಮ್ನೆ ಅಂದ್ರೆ ಸುಮ್ನೇನೇ ಅಲ್ವಾ?" ಕನ್ನಡಕ ತೆಗೆದು ಮಡಿಸಿದಳು. "ನೀನು ಇಲ್ಲ ಅಂದಿದ್ದು ಒಳ್ಳೇದಾಯ್ತು."

ಒಳ್ಳೆಯದು ಹೇಗಾಯಿತು ಎಂದು ಕೇಳಬೇಕೆನ್ನಿಸಿತು. ಬಿಚ್ಚುವವರು ಬಾಗಿಲಲ್ಲಿ ಬಂದು ನಿಂತು ಕೆಮ್ಮಿದರು. ಮೊದಲು ಲೇಸರಿನ ಮೇಲ್ಮುಚ್ಚಳ ತೆಗೆದರು, ಆಮೇಲೆ ಒಳಗಿನ ಕನ್ನಡಿಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿದರು. "ಜೋಪಾನ, ಜೋಪಾನ" ಎನ್ನುತ್ತ ವಿದ್ಯಾರ್ಥಿನಿ ಅವರ ಹಿಂದೆ ಹಿಂದೆಯೇ ಓಡಾಡಿದಳು. ಮಗಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಒಂದು ಪೆಟ್ಟಿಗೆ ಎತ್ತಲು ಕೈ ಕೊಟ್ಟಳು. ಆಮೇಲೆ, "ಬ್ಯಾಗ್ ತುಂಬೋದು ಬಾಕಿ ಇದೆ, ಹೋಗಿರ್ತೀನಿ" ಎಂದಳು.

"ನಾನೂ ಬೇಗ ಬರ್ತೀನಿ."

"ಹೂಂ" ಅಂದಳು.

ಮನೆಗೆ ಬಂದಾಗ ಎಂಟಾಗಿತ್ತು. ಹಂಡೆಯೊಳಗೆ ಮೆಲ್ಲಗೆ ಗಾಳಿ ತುಂಬಿಸಿ, ಬಿಲ್ಲೆಯನ್ನು ತೆಗೆದು ಡಬ್ಬಿಗೆ ಹಾಕಿ, ಪಟ್ಟಿ ಬರೆದು ಸಹಿ ಮಾಡುವಷ್ಟರಲ್ಲಿ ಅಷ್ಟು ಹೊತ್ತಾಗಿಬಿಟ್ಟಿತು. ಅವಳು ನನಗೂ ಬಡಿಸಿ ಮುಚ್ಚಿಟ್ಟಿದ್ದಳು.

ಶನಿವಾರ ಬೆಳಗ್ಗೆ ಅವಳನ್ನು ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ತಲುಪಿದ ಕೂಡಲೇ ಫೋನ್ ಮಾಡು ಎಂದೆ. ಮಾಡ್ತೀನಿ ಎಂದಳು, ಮಾಡಿದಳು ಕೂಡ. ಅವಳ ಕೈಯಿಂದ ಹಾರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹಾರಿಸಲಿಲ್ಲ.